ಹಳೆಯ ವಿಮಾನದ ಕ್ರಯ

ಸುಗ್ಗಿ ಮುಗಿದ ಮೇಲೆ ಸಿಂಧನೂರಿನಿಂದ ಮಸ್ಕಿಯ ಮೇಲೆ ಲಿಂಗಸುಗೂರಿಗೆ ಒಮ್ಮೆಯಾದರೂ ಪ್ರಯಾಣ ಮಾಡಿದ ವಾಚಕರಿಗೆ, ಹಳೆಯ ಯಂತ್ರಗಳ ವ್ಯಾಪಾರವೆಂದರೇನೆಂಬುದನ್ನು ನಾವು ವಿವರಿಸಿ ಹೇಳಬೇಕಾದುದಿಲ್ಲ. ತುಂಗಭದ್ರೆಯ ಎಡದಂಡೆಯ ಕಾಲುವೆಯು ಈ ಭಾಗಕ್ಕೆ ನೀರು ತಂದಂದಿನಿಂದ ಜೋಳದ ಹೊಲಗಳು ಭತ್ತದ ಗದ್ದೆಗಳಾದುವು. ಎತ್ತಿನ ಸಂತೆಯ ಪಕ್ಕದಲ್ಲಿ ಟ್ರ್ಯಾಕ್ಟರಿನ ಸಂತೆ ಹುಟ್ಟಿತು. ರಸ್ತೆಯ ಬದಿಯ ಬಯಲಿನಲ್ಲಿ ಸಾಲಾಗಿ ನಿಂತ ಹಳೆಯ ಟ್ರ್ಯಾಕ್ಟರುಗಳನ್ನೂ ಕಟಾವಿನ ಯಂತ್ರಗಳನ್ನೂ ನಮ್ಮ ರೈತರು ಸುತ್ತ ತಿರುಗಿ ನೋಡುವ ಬಗೆಯು, ಅವರ ತಂದೆ ತಾತಂದಿರು ಎತ್ತಿನ ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಯಿಸಿ ನೋಡುತ್ತಿದ್ದ ಬಗೆಯೇ ಆಗಿರುತ್ತದೆ. ಮೋಸಹೋಗುವವರಿಲ್ಲವೆಂದಲ್ಲ, ಆದರೆ ನೋಡದೆ ಕೊಳ್ಳುವವರು ವಿರಳ.

ಅಂಥದೊಂದು ಬಯಲಿನಲ್ಲಿ ಕಳೆದ ಹಂಗಾಮಿನಲ್ಲಿ ಒಬ್ಬ ಅಕ್ಕಿ ಗಿರಣಿಯ ಸಾಹುಕಾರರು ನಮ್ಮನ್ನು ತಡೆದು ನಿಲ್ಲಿಸಿ, "ಏನ್ರೀ ಸಂಪಾದಕರ, ಟ್ರ್ಯಾಕ್ಟರ್ ಹಳೇದು ಸಿಗತೈತಿ, ಲಾರಿ ಹಳೇದು ಸಿಗತೈತಿ. ಈ ದೊಡ್ಡ ದೊಡ್ಡ ಮಂದಿ ಹಾರಸ್ತಾರಲ್ಲ, ಆ ವಿಮಾನಾನೂ ಹಳೇದು ಸಿಗತದೇನ್ರೀ? ಅದರ ಹಲ್ಲು ಹೆಂಗ ನೋಡತಾರ?" ಎಂದು ಕೇಳಿದರು. ಸುತ್ತಲಿದ್ದವರು ನಕ್ಕರು, ನಾವೂ ನಕ್ಕೆವು. ಆದರೆ ಮನೆಗೆ ಬಂದು ಯೋಚಿಸಲಾಗಿ, ಪ್ರಶ್ನೆಯು ನಗುವಂಥದಲ್ಲವೆಂದು ತೋರಿತು. ವಿಮಾನವನ್ನು ಕೊಳ್ಳುವವನು ಗಿರಣಿಯ ಸಾಹುಕಾರನಾಗದೆ ಇರಬಹುದು; ಆದರೆ ಕೊಂಡವನ ಸಾಲವು ಯಾರ ಠೇವಣಿಯ ಮೇಲೆ ನಿಂತಿರುತ್ತದೆಂಬುದನ್ನು ನೋಡಿದರೆ, ಅದು ನಮ್ಮೆಲ್ಲರ ಪ್ರಶ್ನೆಯೇ ಆಗುತ್ತದೆ.

ಮೊದಲಿಗೆ ಹಳೆಯದೆಂಬ ಮಾತ್ರಕ್ಕೆ ಮೂಗು ಮುರಿಯತಕ್ಕದ್ದಲ್ಲ. ನಮ್ಮ ದೇಶದ ಆಕಾಶಯಾನವು ಹಳೆಯ ವಿಮಾನಗಳಿಂದಲೇ ಕಣ್ತೆರೆಯಿತೆಂದರೆ ಅತಿಶಯೋಕ್ತಿಯಾಗದು. ರಾಯಚೂರು ಜಿಲ್ಲೆಯು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, ೧೯೪೫ರಲ್ಲಿ, ಅಲ್ಲಿ ಡೆಕ್ಕನ್ ಏರ್‌ವೇಸ್ ಎಂಬ ಸಂಸ್ಥೆಯು ಸ್ಥಾಪಿತವಾಯಿತು. ಬೇಗಂಪೇಟೆಯ ನೆಲೆಯಿಂದ ಅದು ಹಾರಿಸಿದ ಡಕೋಟಾ ವಿಮಾನಗಳು ಮಹಾಯುದ್ಧದಲ್ಲಿ ಸೈನ್ಯದ ಸಾಮಾನು ಹೊತ್ತು, ಯುದ್ಧ ಮುಗಿದ ಮೇಲೆ ಮಿಕ್ಕುಳಿದ ಮಾಲಾಗಿ ಮಾರಾಟಕ್ಕೆ ಬಂದ ಜಾತಿಯವು. ಅದೇ ಕಾಲದಲ್ಲಿ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು, ೧೯೪೦ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರಕಾರದ ಆಸರೆಯಿಂದ ಆರಂಭಿಸಿದುದು, ಇಂಥ ಸೈನ್ಯದ ಡಕೋಟಾಗಳನ್ನು ಬಿಚ್ಚಿ, ತೊಳೆದು, ಆಸನಗಳನ್ನು ಹಾಕಿ, ಪ್ರಯಾಣಿಕರ ವಿಮಾನಗಳನ್ನಾಗಿ ಮಾರ್ಪಡಿಸಿ ಕೊಡುತ್ತಿತ್ತು.

ಅದಕ್ಕಿಂತಲೂ ಹೆಮ್ಮೆಪಡತಕ್ಕ ಸಂಗತಿಯೊಂದುಂಟು. ಯುದ್ಧಾನಂತರ ಕಾನ್ಪುರದಲ್ಲಿ ಲಿಬರೇಟರ್ ಎಂಬ ನಾಲ್ಕು ಎಂಜಿನಿನ ಬಾಂಬರು ವಿಮಾನಗಳು ರಾಶಿಯಾಗಿ ಬಿದ್ದಿದ್ದುವು. ಬಿಟ್ಟುಹೋಗುವವರು ಅವು ಇನ್ನೊಬ್ಬರಿಗೆ ಉಪಯೋಗವಾಗದಂತೆ ಬುದ್ಧಿಪೂರ್ವಕವಾಗಿ ಕೆಡಿಸಿ ಹೋಗಿದ್ದರು. ಬೆಂಗಳೂರಿನ ಕಾರ್ಖಾನೆಯ ಕೆಲಸಗಾರರು ಆ ಹೆಣಗಳ ನಡುವೆ ಹುಡುಕಿ, ಒಂದರ ರೆಕ್ಕೆಯನ್ನು ಮತ್ತೊಂದಕ್ಕೆ ಜೋಡಿಸಿ, ಹೇಗೋ ಹಾರುವಷ್ಟು ಮಾಡಿ ಬೆಂಗಳೂರಿಗೆ ತಂದು, ಸುಮಾರು ೪೦ ವಿಮಾನಗಳಿಗೆ ಮರುಜೀವ ಕೊಟ್ಟರು. ೧೯೪೮ರಲ್ಲಿ ವಾಯುದಳವನ್ನು ಸೇರಿದ ಅವು ೧೯೬೮ರವರೆಗೆ ದೇಶದ ಸೇವೆ ಮಾಡಿದುವು. ತನ್ನ ಕೈಕೆಲಸದಲ್ಲಿ ನಂಬುಗೆಯುಳ್ಳವನಿಗೆ ಹಳೆಯ ಯಂತ್ರವು ಭಾಗ್ಯವಾಗಬಲ್ಲದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಇನ್ನು ಸಾಹುಕಾರರ ಪ್ರಶ್ನೆಗೆ ಬರೋಣ. ಧನಿಕರ ಸ್ವಂತ ವಿಮಾನಗಳಲ್ಲಿ ಸಣ್ಣವು, ನಡುತರದವು, ದೊಡ್ಡ ಕೋಣೆಯುಳ್ಳವು ಎಂಬ ಭೇದಗಳಿವೆ. ಗಲ್ಫ್‌ಸ್ಟ್ರೀಮ್, ಬಾಂಬಾರ್ಡಿಯರ್ ಗ್ಲೋಬಲ್, ಫಾಲ್ಕನ್ ಮುಂತಾದ ಹೆಸರಿನವು ಈ ಕೊನೆಯ ವರ್ಗಕ್ಕೆ ಸೇರಿದುವು. ಒಳಗೆ ಆಳೆತ್ತರ ನಿಂತು ನಡೆದಾಡಬಹುದು. ಊಟದ ಮೇಜು, ಮಲಗುವ ಅನುಕೂಲ, ಎಲ್ಲವೂ ಉಂಟು. ಉದಾಹರಣೆಗೆ ಗಲ್ಫ್‌ಸ್ಟ್ರೀಮ್ ೫೫೦ ಎಂಬ ಮಾದರಿಯು ಒಂದೇ ಹಾರಾಟದಲ್ಲಿ ೧೨,೫೦೦ ಕಿಲೋಮೀಟರು ಕ್ರಮಿಸಬಲ್ಲುದು. ಬೆಂಗಳೂರಿನಿಂದ ಲಂಡನ್ನಿಗೆ ಎಲ್ಲಿಯೂ ಇಳಿಯದೆ ಹೋಗಿ ಇನ್ನೂ ಎಣ್ಣೆ ಉಳಿಸಿಕೊಂಡೀತು. ಪೂರ್ಣ ಭಾರ ಹೊತ್ತಾಗ ಅದು ನೆಲ ಬಿಡಲು ಸುಮಾರು ೧,೮೦೦ ಮೀಟರು ಓಡುದಾರಿ ಬೇಕು. ೨೦೨೧ರಲ್ಲಿ ಅದರ ತಯಾರಿಕೆ ನಿಂತಿತು. ಆದುದರಿಂದ ಇಂದು ಅದನ್ನು ಬಯಸುವವರೆಲ್ಲರೂ ಹಳೆಯದನ್ನೇ ಕೊಳ್ಳಬೇಕು.

ಇಂಥ ವಿಮಾನದ ಹಲ್ಲುಗಳೆಂದರೆ ಅದರ ದಿನಚರಿಯ ಪುಸ್ತಕಗಳು. ಹುಟ್ಟಿದಂದಿನಿಂದ ಎಷ್ಟು ಗಂಟೆ ಹಾರಿತು, ಎಷ್ಟು ಸಲ ಇಳಿಯಿತು, ಯಾವ ಭಾಗವನ್ನು ಯಾವ ದಿನ ಬದಲಿಸಲಾಯಿತು, ಯಾರು ಸಹಿ ಮಾಡಿದರು ಎಂಬುದೆಲ್ಲ ಅದರಲ್ಲಿ ಕಡಿವಿಲ್ಲದೆ ಬರೆದಿರಬೇಕು. ನಡುವೆ ಒಂದು ಪುಸ್ತಕ ಕಳೆದುಹೋಗಿದ್ದರೆ ಬೆಲೆ ಕುಸಿಯುತ್ತದೆ. ಹೊಳೆಯುವ ಬಣ್ಣವೂ ಚರ್ಮದ ಆಸನಗಳೂ ಆ ಕೊರತೆಯನ್ನು ತುಂಬಲಾರವು. ಎತ್ತಿಗೆ ಒಂದೇ ವಯಸ್ಸು, ವಿಮಾನಕ್ಕಾದರೋ ಮೂರು: ಹಾರಿದ ಗಂಟೆಗಳದೊಂದು, ಇಳಿದ ಸಂಖ್ಯೆಯದೊಂದು, ಪಂಚಾಂಗದ್ದೊಂದು. ಹಾರದೆ ನಿಂತಿದ್ದರೂ ಪಂಚಾಂಗದ ವಯಸ್ಸು ಏರುತ್ತಲೇ ಇರುತ್ತದೆ. ಕೆಲವು ಮಾದರಿಗಳಿಗೆ ೯೬ ತಿಂಗಳಿಗೊಮ್ಮೆ ಮೈಯೆಲ್ಲ ಬಿಚ್ಚಿ ನೋಡುವ ದೊಡ್ಡ ತಪಾಸಣೆಯುಂಟು. ಮಾರುವವನು ಆ ತಪಾಸಣೆ ಹತ್ತಿರ ಬಂದಾಗಲೇ ಮಾರಲು ಆತುರಪಡುವುದು ಲೋಕರೂಢಿ. ಟಯರು ಸವೆದ ಮೇಲೆ ಟ್ರ್ಯಾಕ್ಟರು ಮಾರುವವರನ್ನು ಕಂಡ ನಮ್ಮವರಿಗೆ ಇದರಲ್ಲಿ ಹೊಸದೇನೂ ತೋರದು.

ಎಂಜಿನಿನ ವಿಷಯವು ಬೇರೆಯೇ ಒಂದು ಸಂಸಾರ. ಅದನ್ನು ಬಿಚ್ಚಿ ಕಟ್ಟುವ ಖರ್ಚು ಅಷ್ಟು ದೊಡ್ಡದಾದುದರಿಂದ ಅನೇಕ ಮಾಲೀಕರು ಹಾರಿದ ಪ್ರತಿ ಗಂಟೆಗೆ ಇಷ್ಟೆಂದು ಎಂಜಿನು ತಯಾರಕರಿಗೋ ಇತರ ಸಂಸ್ಥೆಗೋ ವಂತಿಗೆ ಕಟ್ಟುತ್ತಾ ಹೋಗುತ್ತಾರೆ. ದುರಸ್ತಿಯ ಕಾಲ ಬಂದಾಗ ಆ ಸಂಸ್ಥೆಯು ಖರ್ಚನ್ನು ವಹಿಸುತ್ತದೆ. ಕೊಳ್ಳುವವನು ಮೊದಲು ಕೇಳಬೇಕಾದುದು ಈ ವಂತಿಗೆ ಪೂರ್ತಿ ಸಂದಿದೆಯೇ, ಅದು ತನ್ನ ಹೆಸರಿಗೆ ವರ್ಗವಾಗುವುದೇ ಎಂದು. ಸಲ್ಲದಿದ್ದರೆ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿದವನು ಎರಡನೆಯ ವರ್ಷದಲ್ಲಿ ಎಂಜಿನಿಗಾಗಿ ಇನ್ನೊಂದು ಕ್ರಯವನ್ನೇ ಕೊಡಬೇಕಾದೀತು. ಇದಲ್ಲದೆ ಒಡಂಬಡಿಕೆಗೆ ಸಹಿ ಬೀಳುವ ಮುನ್ನ, ಮಾರುವವನ ಕಡೆಯದಲ್ಲದ ಕಾರ್ಖಾನೆಯಲ್ಲಿ ವಿಮಾನವನ್ನು ಇಳಿಸಿ, ಸಣ್ಣ ದರ್ಶಕವನ್ನು ಎಂಜಿನಿನ ಹೊಟ್ಟೆಯೊಳಗೆ ಇಳಿಬಿಟ್ಟು ಅಲಗುಗಳನ್ನು ನೋಡಬೇಕು. ಹಲಗೆಗಳನ್ನು ತೆಗೆದು ತುಕ್ಕು ಹುಡುಕಬೇಕು. ನೀರೊಳಗಿನ ಎಮ್ಮೆಗೆ ಬೆಲೆ ಕಟ್ಟಬಾರದೆಂದು ನಮ್ಮ ಹಿರಿಯರು ಹೇಳಿದುದು ಇದಕ್ಕೂ ಸಲ್ಲುತ್ತದೆ.

ಯಂತ್ರವು ಸರಿಯಿದ್ದರೂ ಒಡೆತನವು ಸರಿಯಿಲ್ಲದಿದ್ದರೆ? ಇಲ್ಲಿ ನಮ್ಮ ಸ್ವಂತ ಅವಿವೇಕವನ್ನು ಹೇಳಿಕೊಳ್ಳಲು ನಾವು ಸಂಕೋಚಪಡುವುದಿಲ್ಲ. ಪತ್ರಿಕೆಯನ್ನು ಆರಂಭಿಸಿದ ಮೂರನೆಯ ವರ್ಷದಲ್ಲಿ ನಾವು ಪರಊರಿನ ಮುದ್ರಣಾಲಯವೊಂದರಿಂದ ಹಳೆಯ ಆಫ್‌ಸೆಟ್ ಯಂತ್ರವನ್ನು ಕೊಂಡೆವು. ಉರುಳೆಗಳನ್ನು ತಿರುಗಿಸಿ ನೋಡಿದೆವು, ಹಲ್ಲಿನ ಗಾಲಿಗಳನ್ನು ಬೆರಳಿಟ್ಟು ನೋಡಿದೆವು, ನಮ್ಮ ಫೋರ್‌ಮನ್ನರು ಎರಡು ದಿನ ಅಲ್ಲಿಯೇ ಇದ್ದು ಸಾವಿರ ಪ್ರತಿ ಅಚ್ಚು ಹಾಕಿಸಿ ತಂದರು. ಯಂತ್ರವು ಬಂಗಾರದಂತಿತ್ತು. ಕೂಡಿಟ್ಟ ಹಣವನ್ನೆಲ್ಲ ಕೊಟ್ಟು ತಂದು ನಿಲ್ಲಿಸಿ ನಾಲ್ಕು ತಿಂಗಳಾಗಿರಲಿಲ್ಲ. ಬ್ಯಾಂಕಿನವರೊಬ್ಬರು ಕಾಗದ ಹಿಡಿದು ಬಾಗಿಲಿಗೆ ಬಂದರು. ಮಾರಿದವನು ಆ ಯಂತ್ರವನ್ನು ಅಡವಿಟ್ಟು ಸಾಲ ಪಡೆದಿದ್ದನು, ಸಾಲ ತೀರಿರಲಿಲ್ಲ. ನಾವು ಉರುಳೆ ನೋಡಿದೆವೇ ಹೊರತು ಋಣವನ್ನು ನೋಡಿರಲಿಲ್ಲ. ಒಂಬತ್ತು ದಿನ ಪತ್ರಿಕೆಯು ಬೇರೆಯವರ ಯಂತ್ರದಲ್ಲಿ ಅಚ್ಚಾಯಿತು. ಕೊನೆಗೆ ಮನೆಯವರ ಬಳೆಗಳನ್ನು ಇಟ್ಟು ರಾಜಿಯಾಗಬೇಕಾಯಿತು. ಆ ಬಳೆಗಳು ಬಿಡಿಸಿಕೊಂಡು ಬರುವುದಕ್ಕೆ ಆರು ವರ್ಷ ಹಿಡಿದುವು.

ವಿಮಾನಗಳ ಲೋಕದಲ್ಲಿ ಈ ಮೋಸಕ್ಕೆ ಆಸ್ಪದವಾಗದಂತೆ ರಾಷ್ಟ್ರಗಳು ಕೂಡಿ ಒಂದು ಏರ್ಪಾಡನ್ನು ಮಾಡಿಕೊಂಡಿವೆ. ೨೦೦೧ರಲ್ಲಿ ಕೇಪ್‌ಟೌನಿನಲ್ಲಿ ಆದ ಒಡಂಬಡಿಕೆಯ ಮೇರೆಗೆ ಐರ್ಲೆಂಡಿನಲ್ಲಿ ಒಂದು ಅಂತರರಾಷ್ಟ್ರೀಯ ದಾಖಲೆಯು ನಡೆಯುತ್ತಿದೆ. ವಿಮಾನದ ಮೇಲೂ ಎಂಜಿನಿನ ಮೇಲೂ ಯಾರಿಗೆ ಅಡವಿನ ಹಕ್ಕಿದೆಯೆಂಬುದನ್ನು ಅಲ್ಲಿ ಹುಡುಕಿ ನೋಡಬಹುದು. ಎಂಜಿನಿಗೆ ಪ್ರತ್ಯೇಕ ಹುಡುಕಾಟ ಬೇಕೆಂಬುದನ್ನು ಮರೆಯತಕ್ಕದ್ದಲ್ಲ. ಒಬ್ಬನ ವಿಮಾನದಲ್ಲಿ ಮತ್ತೊಬ್ಬನ ಎಂಜಿನು ತೂಗುತ್ತಿರುವುದು ಅಪರೂಪವಲ್ಲ. ಹಿಂದೂಸ್ಥಾನವು ಈ ಒಡಂಬಡಿಕೆಗೆ ಸೇರಿದುದು ೨೦೦೮ರಲ್ಲಾದರೂ ಅದಕ್ಕೆ ಪೂರ್ಣ ಬಲ ಕೊಡುವ ಕಾಯಿದೆಯನ್ನು ಪಾರ್ಲಿಮೆಂಟು ಮಾಡಿದುದು ೨೦೨೫ರಲ್ಲಿ. ಹದಿನೇಳು ವರ್ಷಗಳ ಈ ವಿಳಂಬದ ವಿಷಯದಲ್ಲಿ ನಾವು ಹೆಚ್ಚು ಹೇಳಬಯಸುವುದಿಲ್ಲ. ೧೯೩೪ರ ಬ್ರಿಟಿಷರ ಕಾಲದ ವಿಮಾನ ಕಾಯಿದೆಯು ೨೦೨೫ರ ಜನವರಿ ೧ರವರೆಗೂ ನಮ್ಮನ್ನು ಆಳಿತೆಂದರೆ ಸಾಕು. ಅಂದಿನಿಂದ ಭಾರತೀಯ ವಾಯುಯಾನ ಅಧಿನಿಯಮವು ಜಾರಿಯಲ್ಲಿದೆ.

ಋಣವನ್ನು ನೋಡದೆ ಯಂತ್ರವನ್ನು ಮಾತ್ರ ನೋಡಿದರೆ ಏನಾಗುವುದೆಂಬುದಕ್ಕೆ ಕರ್ನಾಟಕದ್ದೇ ಆದ ದೃಷ್ಟಾಂತವೊಂದುಂಟು. ಅದನ್ನು ವಾಚಕರು ಮರೆತಿರಲಾರರು. ಬೆಂಗಳೂರಿನ ಮದ್ಯೋದ್ಯಮಿ, ನಮ್ಮ ಶಾಸಕರು ೨೦೦೨ರಲ್ಲಿಯೂ ಮತ್ತೆ ೨೦೧೦ರಲ್ಲಿಯೂ ರಾಜ್ಯಸಭೆಗೆ ಆರಿಸಿ ಕಳಿಸಿದ ವಿಜಯ ಮಲ್ಯರು, ೨೦೦೫ರಲ್ಲಿ ಕಿಂಗ್‌ಫಿಶರ್ ಎಂಬ ವಿಮಾನ ಸಂಸ್ಥೆಯನ್ನು ಆರಂಭಿಸಿದರು. ಕ್ಯಾಪ್ಟನ್ ಗೋಪಿನಾಥರು ಸಾಮಾನ್ಯ ಜನರನ್ನು ಹಾರಿಸಬೇಕೆಂದು ೨೦೦೩ರಲ್ಲಿ ಕಟ್ಟಿದ ಏರ್ ಡೆಕ್ಕನ್ ಸಂಸ್ಥೆಯೂ ಕೆಲವೇ ವರ್ಷಗಳಲ್ಲಿ ಅದರ ಹೊಟ್ಟೆ ಸೇರಿತು. ಮಲ್ಯರ ಸ್ವಂತ ಓಡಾಟಕ್ಕೆಂದು ಒಂದು ಏರ್‌ಬಸ್ ೩೧೯ ವಿಮಾನವಿತ್ತು. ಸಾಮಾನ್ಯವಾಗಿ ನೂರಿಪ್ಪತ್ತಕ್ಕೂ ಮೇಲ್ಪಟ್ಟ ಪ್ರಯಾಣಿಕರನ್ನು ಒಯ್ಯುವ ಆ ಜಾತಿಯ ವಿಮಾನದಲ್ಲಿ ಇಲ್ಲಿ ೨೫ ಮಂದಿಗೆ ಮಾತ್ರ ಸ್ಥಳ. ಬಾಲದ ಮೇಲಿನ ನೋಂದಣಿಯ ಅಕ್ಷರಗಳು ಕೂಡ ಮಾಲೀಕರ ಹೆಸರಿನ ಮೊದಲಕ್ಷರಗಳೇ: ವಿಟಿ–ವಿಜೆಎಂ.

೨೦೧೨ರ ಅಕ್ಟೋಬರಿನಲ್ಲಿ ಸಂಸ್ಥೆಯ ವಿಮಾನಗಳು ನೆಲಕ್ಕೆ ಅಂಟಿದುವು. ಕೆಲಸಗಾರರಿಗೆ ತಿಂಗಳುಗಟ್ಟಲೆ ಸಂಬಳವಿಲ್ಲ. ಸ್ಟೇಟ್ ಬ್ಯಾಂಕಿನ ಮುಂದಾಳ್ತನದಲ್ಲಿ ೧೭ ಬ್ಯಾಂಕುಗಳು ಕೊಟ್ಟ ಸಾಲವು ಬಡ್ಡಿಯೊಡಗೂಡಿ ೯,೦೦೦ ಕೋಟಿ ರೂಪಾಯಿಯನ್ನು ಮುಟ್ಟಿತು. ಆ ಬ್ಯಾಂಕುಗಳ ಪಟ್ಟಿಯಲ್ಲಿ ೧೯೧೩ರಲ್ಲಿ ಮೈಸೂರು ಸಂಸ್ಥಾನದಲ್ಲಿ ಹುಟ್ಟಿದ ನಮ್ಮ ಮೈಸೂರು ಬ್ಯಾಂಕು ಇತ್ತು. ೧೯೦೬ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕೂ ಇತ್ತು. ಇಂದು ಎರಡೂ ಬೇರೆ ಬ್ಯಾಂಕುಗಳಲ್ಲಿ ಲೀನವಾಗಿ ಹೆಸರಳಿದುವು. ಆ ಲೀನಕ್ಕೆ ಈ ಸಾಲವೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಮಾಸ್ತರರೂ ಗುಮಾಸ್ತರೂ ಸಣ್ಣ ಅಂಗಡಿಕಾರರೂ ಇಟ್ಟ ಠೇವಣಿಯು ಎಲ್ಲಿಯವರೆಗೆ ಹಾರಿಹೋಗಬಲ್ಲುದೆಂಬುದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ಹೇಳುತ್ತೇವೆ.

ಸೇವಾ ತೆರಿಗೆಯ ಇಲಾಖೆಯವರು ತಮಗೆ ೫೦೦ ಕೋಟಿಗೂ ಮೇಲ್ಪಟ್ಟು ಬರಬೇಕೆಂದು ೨೦೧೩ರಲ್ಲಿ ಈ ವಿಮಾನವನ್ನು ಜಪ್ತಿ ಮಾಡಿದರು. ಅಲ್ಲಿಂದ ಮುಂದಿನ ಕಥೆಯು ನಮ್ಮ ಸಿಂಧನೂರಿನ ಬಯಲಿನಲ್ಲಿ ಯಾರೂ ನಂಬದಂಥದು. ವಿಮಾನವು ಮುಂಬಯಿಯ ನಿಲ್ದಾಣದಲ್ಲಿ, ಸಮುದ್ರದ ಉಪ್ಪುಗಾಳಿಯಲ್ಲಿ, ಹಾರದೆ ನಿಂತಿತು. ನಿಲ್ದಾಣದವರು ಜಾಗ ತೆರವಾಗಬೇಕೆಂದು ಹೈಕೋರ್ಟಿಗೆ ಮೊರೆಹೋದರು. ೨೦೧೬ರಲ್ಲಿ ೧೫೨ ಕೋಟಿ ರೂಪಾಯಿ ಕನಿಷ್ಠ ಬೆಲೆಯೆಂದು ಹರಾಜು ಕೂಗಲಾಗಿ, ಬಂದ ಒಬ್ಬನೇ ಒಬ್ಬ ಸವಾಲುದಾರನು ಕೇಳಿದುದು ೧ ಕೋಟಿ ೯ ಲಕ್ಷ. ಅದೇ ವರ್ಷ ಮತ್ತೆ ಕೂಗಿದಾಗ ೨೭ ಕೋಟಿ ೩೯ ಲಕ್ಷಕ್ಕೆ ಏರಿತು. ಇಲಾಖೆಯವರಿಗೆ ಅದು ಸಾಲಲಿಲ್ಲ. ಕೊನೆಗೆ ೨೦೧೮ರ ಜೂನಿನಲ್ಲಿ ಅಮೆರಿಕದ ಫ್ಲಾರಿಡಾ ಪ್ರಾಂತದ ಸಂಸ್ಥೆಯೊಂದು ೩೪ ಕೋಟಿ ೮೦ ಲಕ್ಷಕ್ಕೆ ಕೊಂಡಿತು. ಮೊದಲು ಹೇಳಿದ ಬೆಲೆಯ ಕಾಲುಭಾಗವೂ ಆಗಲಿಲ್ಲ. ಅಷ್ಟರಲ್ಲಿ, ೨೦೧೬ರ ಮಾರ್ಚಿನಲ್ಲಿಯೇ, ಮಲ್ಯರು ದೇಶ ಬಿಟ್ಟು ಹೋಗಿದ್ದರು.

೧೫೨ ಕೋಟಿಯೆಂದು ಬೆಲೆ ಕಟ್ಟಿದವರು ಯಾವ ಲೆಕ್ಕದಿಂದ ಕಟ್ಟಿದರೋ ನಮಗೆ ತಿಳಿಯದು. ಅಧಿಕಾರಿಗಳಾದ ನಮ್ಮ ವಾಚಕರು ಕೋಪಿಸಿಕೊಳ್ಳಬಾರದು: ಜಪ್ತಿಯ ಮಾಲಿಗೆ ಕಾಗದದ ಮೇಲಿನ ಬೆಲೆಯನ್ನು ಕಟ್ಟಿ ವರ್ಷಾನುಗಟ್ಟಲೆ ನಿಲ್ಲಿಸುವ ಪದ್ಧತಿಯು ತಾಲ್ಲೂಕು ಕಚೇರಿಯ ಹಿಂದೆ ತುಕ್ಕು ತಿನ್ನುವ ಮರಳಿನ ಲಾರಿಗಳಿಂದ ಹಿಡಿದು ಈ ಏರ್‌ಬಸ್ಸಿನವರೆಗೆ ಒಂದೇ ಆಗಿದೆ. ನಿಂತ ವಿಮಾನವು ನಿಂತ ಲಾರಿಗಿಂತ ಬೇಗ ಸಾಯುತ್ತದೆ. ಎಂಜಿನು ತಿರುಗದಿದ್ದರೆ ಕೆಡುತ್ತದೆ, ಪಂಚಾಂಗದ ತಪಾಸಣೆಗಳು ತಪ್ಪುತ್ತವೆ, ಹಾರಾಟದ ಯೋಗ್ಯತಾಪತ್ರವು ಮುಗಿಯುತ್ತದೆ. ಕೊಳ್ಳುವವನು ಮೊದಲು ಅದೆಲ್ಲವನ್ನೂ ಕಳೆದು ತನ್ನ ಸವಾಲು ಕೂಗುತ್ತಾನೆ. ಜಪ್ತಿಯಾದ ವರ್ಷದಲ್ಲಿಯೇ ಮಾರಿದ್ದರೆ ಖಜಾನೆಗೆ ಎಷ್ಟು ಹೆಚ್ಚು ಬರುತ್ತಿತ್ತೆಂಬುದನ್ನು ಈಗ ಯಾರೂ ಲೆಕ್ಕ ಹಾಕಿ ಹೇಳಲಾರರು. ಕಾಯಿದೆಯಲ್ಲಿ ತಡೆಗಳಿದ್ದುವೆಂದು ಹೇಳುವರು. ಇದ್ದಿರಬಹುದು. ಐದು ವರ್ಷ ತುಕ್ಕಿಗೆ ಯಾವ ತಡೆಯೂ ಇರಲಿಲ್ಲ.

ತೆರಿಗೆಯ ವಿಷಯವನ್ನು ಚುಟುಕಾಗಿ ಹೇಳಿ ಮುಗಿಸುತ್ತೇವೆ. ಸ್ವಂತ ಉಪಯೋಗಕ್ಕೆ ತರುವ ವಿಮಾನಕ್ಕೆ ಸರಕು ಮತ್ತು ಸೇವಾ ತೆರಿಗೆಯು ಮೊದಲು ಶೇಕಡಾ ೨೮ ಇದ್ದುದು ೨೦೨೫ರ ಸೆಪ್ಟೆಂಬರ್ ೨೨ರಿಂದ ಶೇಕಡಾ ೪೦ ಆಗಿದೆ. ಬಾಡಿಗೆಗೆ ಓಡಿಸುವುದಕ್ಕೆ ಅನುಮತಿಯುಳ್ಳವರು ತಂದರೆ ಶೇಕಡಾ ೫. ಐವತ್ತು ಕೋಟಿಯ ಹಳೆಯ ವಿಮಾನಕ್ಕೆ ಒಬ್ಬನು ೨೦ ಕೋಟಿ ಕಟ್ಟಿದರೆ ಮತ್ತೊಬ್ಬನು ಎರಡೂವರೆ ಕೋಟಿ ಕಟ್ಟುತ್ತಾನೆ. ಇಷ್ಟು ಅಂತರವಿರುವಲ್ಲಿ ಬಾಡಿಗೆಯ ಬೋರ್ಡು ಹಾಕಿಕೊಂಡು ಸ್ವಂತಕ್ಕೆ ಹಾರಿಸುವ ಆಸೆ ಹುಟ್ಟುವುದು ಸಹಜ. ಈ ಕಾರಣದಿಂದಲೇ ಸುಂಕದ ಇಲಾಖೆಗೂ ಮಾಲೀಕರಿಗೂ ಅನೇಕ ವ್ಯಾಜ್ಯಗಳು ನಡೆದಿವೆ. ಮುದಿ ವಿಮಾನಗಳು ನುಸುಳದಂತೆ ವಯಸ್ಸಿನ ಮಿತಿಯೂ ಉಂಟು. ನಾಗರಿಕ ವಾಯುಯಾನದ ಮಹಾನಿರ್ದೇಶನಾಲಯದ ಒಪ್ಪಿಗೆಯಿಲ್ಲದೆ ಮುಂಗಡ ಕೊಟ್ಟವನು ಆಮೇಲೆ ಅಳಬೇಕಾದೀತು.

ಇಷ್ಟೆಲ್ಲ ಮಾಡಿ ಸಾಹುಕಾರರು ಒಂದು ವಿಮಾನವನ್ನು ತಂದರೆಂದೇ ಇಟ್ಟುಕೊಳ್ಳೋಣ. ಇಳಿಸುವುದೆಲ್ಲಿ? ಕಲಬುರಗಿಯ ನಿಲ್ದಾಣವು ೨೦೧೯ರ ನವೆಂಬರಿನಲ್ಲಿ ತೆರೆಯಿತು; ಮೂರು ಕಿಲೋಮೀಟರಿಗೂ ಉದ್ದವಾದ ಓಡುದಾರಿ ಅಲ್ಲಿದೆ. ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯವರ ನಿಲ್ದಾಣವುಂಟು, ಕೊಪ್ಪಳದ ಹತ್ತಿರ ಗಿಣಿಗೇರಿಯಲ್ಲಿ ಗಣಿಯವರ ಓಡುದಾರಿಯುಂಟು. ಅಂದರೆ ಕಬ್ಬಿಣಕ್ಕೆ ರೆಕ್ಕೆ ಬಂದಿದೆ, ಭತ್ತಕ್ಕೆ ಬಂದಿಲ್ಲ. ಲಿಂಗಸುಗೂರಿನಲ್ಲಿ ಪರದೇಶದವರ ಅಧಿಕಾರದ ಕಾಲದಲ್ಲಿ ಸೈನ್ಯದ ಛಾವಣಿಯಿತ್ತು. ಅದೇ ತಾಲ್ಲೂಕಿನ ಹಟ್ಟಿಯ ನೆಲದಿಂದ ಇಂದಿಗೂ ಚಿನ್ನ ಬರುತ್ತಿದೆ. ಮಸ್ಕಿಯಲ್ಲಿ ೧೯೧೫ರಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರನಿಗೆ ಅಶೋಕನ ಹೆಸರುಳ್ಳ ಶಾಸನವೇ ಸಿಕ್ಕಿತು. ಇಷ್ಟೆಲ್ಲ ಇರುವ ನಾಡಿನಲ್ಲಿ ನಡುರಾತ್ರಿ ಎದೆನೋವು ಬಂದವನನ್ನು ಇಂದಿಗೂ ರಸ್ತೆಯ ಮೇಲೆಯೇ ರಾಯಚೂರಿಗೋ ಬಳ್ಳಾರಿಗೋ, ಅಲ್ಲಿಯೂ ಆಗದಿದ್ದರೆ ಹೈದರಾಬಾದಿಗೋ ಒಯ್ಯಬೇಕು. ಚುನಾವಣೆ ಬಂದಾಗ ಮಾತ್ರ ಬಯಲಿನಲ್ಲಿ ಸುಣ್ಣದ ವೃತ್ತ ಎಳೆದು ಹೆಲಿಕಾಪ್ಟರು ಇಳಿಯುವ ಏರ್ಪಾಡು ಒಂದೇ ದಿನದಲ್ಲಿ ಆಗುತ್ತದೆ. ಆ ವೃತ್ತವನ್ನು ರೋಗಿಗಾಗಿ ಎಳೆಯುವುದಕ್ಕೆ ಯಾವ ಇಲಾಖೆಯ ಅಪ್ಪಣೆ ಬೇಕೆಂಬುದನ್ನು ಬಲ್ಲವರು ನಮಗೆ ತಿಳಿಸಿದರೆ ಇದೇ ಪುಟದಲ್ಲಿ ಪ್ರಕಟಿಸುವೆವು.

ಸಾಹುಕಾರರಿಗೆ ನಾವು ಇದನ್ನೆಲ್ಲ ಒಂದು ಸಂಜೆ ಅವರ ಗಿರಣಿಯ ಕಟ್ಟೆಯ ಮೇಲೆ ಕುಳಿತು ಹೇಳಿದೆವು. ಅವರು ಬಹಳ ಹೊತ್ತು ಕೇಳಿ, "ಹಂಗಾದ್ರ ನಾಳೆ ನಮ್ಮ ಜೋಡಿ ಬರ್ರಿ, ಒಂದು ಕಟಾವಿನ ಮಿಷಿನ್ ನೋಡೂದೈತಿ" ಎಂದರು. ಮರುದಿನ ಹೋದೆವು. ಯಂತ್ರವು ಚೆನ್ನಾಗಿಯೇ ಇತ್ತು. ಎಂಜಿನಿನ ಶಬ್ದವೂ ಸರಿಯಿತ್ತು. ಮಾರುವವನು ಚಹಾ ತರಿಸಿದನು. ಸಾಹುಕಾರರು ಚಹಾ ಕುಡಿಯುತ್ತಲೇ ಕಾಗದಗಳನ್ನು ಕೇಳಿ, ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ನಮ್ಮ ಕೈಗೆ ಕೊಟ್ಟರು. ನೋಂದಣಿಯ ಪತ್ರದಲ್ಲಿ ಬ್ಯಾಂಕಿನ ಹೆಸರು ಇನ್ನೂ ಹಾಗೆಯೇ ಇತ್ತು. ಮುಂಗಡಕ್ಕೆಂದು ತಂದಿದ್ದ ಹಣದ ಚೀಲವನ್ನು ಅವರು ಬಿಚ್ಚಲಿಲ್ಲ.